‘ಫಾಸ್ಟ್’ ಅಂದರೆ ಬೇಗವೋ, ಗಟ್ಟಿಯೋ, ಉಪವಾಸವೋ?

ಡೊಂಬಿವಲಿಯ ಧಾರವಾಡದವಳು (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಜಗಳ ಎದ್ದಿದೆ, ನೀವೇ ಬಿಡಿಸಬೇಕು.

ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಕೆಳಗೆ ಸೊಸೈಟಿಯಲ್ಲಿ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ. ಹೀಗಾಗಿ ಬರೆಯೋ ಕನ್ನಡ ಹಿಂದೆ ಬಿದ್ದಿದೆ. ಪ್ರತಿ ಭಾನುವಾರ ಅವಳದೇ ಪುಸ್ತಕದಿಂದ ಐದು ಇಂಗ್ಲಿಷ್ ವಾಕ್ಯ ಆರಿಸಿ ಕೊಡುತ್ತೇನೆ, ಅವಳು ಕನ್ನಡದಲ್ಲಿ ಬರೆಯಬೇಕು. ಈ ವಾರದ ಐದರಲ್ಲೂ ‘ಫಾಸ್ಟ್’ ಇತ್ತು: ಬಾಗಿಲು ‘ಸ್ಟಕ್ ಫಾಸ್ಟ್’, ಮಗು ‘ಫಾಸ್ಟ್ ಅಸ್ಲೀಪ್’, ‘ಫಾಸ್ಟ್ ಫ್ರೆಂಡ್ಸ್’, ಸೀರೆಯ ‘ಫಾಸ್ಟ್ ಕಲರ್’, ಅಜ್ಜಿಯ ಏಕಾದಶಿ ‘ಫಾಸ್ಟ್’. ಅವಳು ಬರೆದದ್ದು ಹೀಗೆ:

ಬಾಗಿಲು ಬೇಗ ಸಿಕ್ಕಿಕೊಂಡಿದೆ.
ಮಗು ಬೇಗ ಮಲಗಿದೆ.
ಅವರಿಬ್ಬರು ಬೇಗದ ಗೆಳೆಯರು.
ಈ ಸೀರೆಯ ಬಣ್ಣ ಬೇಗ ಹೋಗುತ್ತದೆ.
ಅಜ್ಜಿ ಏಕಾದಶಿಗೆ ಬೇಗ ಮಾಡುತ್ತಾಳೆ.

ನಕ್ಕು ನಕ್ಕು ಸಾಕಾಯಿತು. ಅವಳಿಗೆ ಸಿಟ್ಟು ಬಂತು. ‘ನಗೋದು ಆಮೇಲೆ. ಓಡೋದೂ ಫಾಸ್ಟ್, ಅಲ್ಲಾಡದೆ ನಿಲ್ಲೋದೂ ಫಾಸ್ಟ್, ಊಟ ಬಿಡೋದೂ ಫಾಸ್ಟ್. ಯಾಕೆ ಅಂತ ಹೇಳು’ ಅಂದಳು. ನನಗೆ ಉತ್ತರ ಬರಲಿಲ್ಲ. ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ ‘ಇಂಗ್ಲಿಷೇ ಹುಚ್ಚು ಭಾಷೆ’ ಅಂದು ಕೈ ತೊಳೆದುಕೊಂಡರು. ದಯವಿಟ್ಟು ಯಾರೂ ಆ ಉತ್ತರ ಕೊಡಬೇಡಿ.

ನಿಜ ಹೇಳಬೇಕೆಂದರೆ ಈ ಶಬ್ದಕ್ಕೂ ನನಗೂ ಹಳೇ ಲೆಕ್ಕ ಇದೆ. ಮದುವೆಯಾಗಿ ಮುಂಬೈ ಕಡೆ ಬಂದ ಹೊಸತರಲ್ಲಿ ಹೂವು, ಬಾಳೆ ಎಲೆ ತರಲು ಮಾಟುಂಗಾಕ್ಕೆ ಹೊರಟೆ. ಫಾಸ್ಟ್ ಲೋಕಲ್ ಅಂದರೆ ಬೇಗ ಮುಟ್ಟಿಸುತ್ತದೆ ಅಂದುಕೊಂಡು ಹತ್ತಿದೆ, ಅದು ಎಲ್ಲ ಸ್ಟೇಶನ್ನಿನಲ್ಲೂ ನಿಲ್ಲಲ್ಲ ಅಂತ ಗೊತ್ತಿರಲಿಲ್ಲ. ಕುರ್ಲಾ ಆಯಿತು, ಸಾಯನ್ ಹೋಯಿತು, ಮಾಟುಂಗಾ ಕಣ್ಣೆದುರೇ ಸರ್ರನೆ ಹೋಯಿತು. ಗಾಡಿ ನಿಂತದ್ದು ದಾದರಿನಲ್ಲಿ. ಅಲ್ಲಿಂದ ಸ್ಲೋ ಹಿಡಿದು ಒಂದು ಸ್ಟೇಶನ್ ವಾಪಸು ಬಂದೆ.

ಎರಡನೆಯದು ಸೀರೆ. ಹೋದ ದೀಪಾವಳಿಗೆ ಒಂದು ಅಂಗಡಿಯಲ್ಲಿ ಕೆಂಪು ಸೀರೆ ತಗೊಂಡೆ. ‘ಫಾಸ್ಟ್ ಕಲರ್ ಮೇಡಂ, ಗ್ಯಾರಂಟಿ’ ಅಂದ. ಮೊದಲ ಒಗೆತದಲ್ಲೇ ಮನೆಯವರ ಎರಡು ಬನಿಯನ್ ಗುಲಾಬಿ ಆದವು. ಆ ಲೆಕ್ಕದಲ್ಲಿ ಮಗಳ ಅನುವಾದವೇ ಸರಿ. ಬಣ್ಣ ಬೇಗ ಹೋಯಿತು!

ಒಂದೇ ಶಬ್ದಕ್ಕೆ ಇಷ್ಟು ಅರ್ಥ ಹೇಗೆ ಬಂತು? ಒಂದೊಂದಕ್ಕೂ ನಮ್ಮಲ್ಲಿ ಒಳ್ಳೆಯ ಶಬ್ದ ಯಾವುದು? ಡಿಕ್ಷನರಿಯ ಶಬ್ದ ಬೇಡ, ಮನೆಯಲ್ಲಿ ಆಡುವ ಶಬ್ದ ಬೇಕು.

---

ವಿರಾರ್ ಫಾಸ್ಟ್ (ಭಾನುವಾರ, ರಾತ್ರಿ 10:05)

ಅಕ್ಕಾ, ನನ್ನ ಹೆಸರು ನೋಡಿದಿರಲ್ಲ, ನಾನು ಹೇಳದೆ ಇರೋಕಾಗಲ್ಲ.

ಸಂಜೆ ಏಳರ ವಿರಾರ್ ಫಾಸ್ಟ್ ಲೋಕಲ್ ಒಮ್ಮೆ ಹತ್ತಿ ನೋಡಿ. ಗಾಡಿ ಫಾಸ್ಟಾಗಿ ಓಡುತ್ತಿರುತ್ತದೆ, ಒಳಗೆ ನಾವು ಫಾಸ್ಟಾಗಿ ಸಿಕ್ಕಿಕೊಂಡಿರುತ್ತೇವೆ. ಮೂಗು ತುರಿಸಿದರೆ ಕೈ ಕೆಳಗಿಳಿಸಲು ಮುಂದಿನ ಸ್ಟೇಶನ್ ಬರಬೇಕು. ಎರಡೂ ಅರ್ಥ ಒಂದೇ ಡಬ್ಬಿಯಲ್ಲಿ. ನಡುವೆ ಬೊರಿವಲಿಯಲ್ಲಿ ಇಳಿಯೋನು ಏನಾದರೂ ಹತ್ತಿದ ಅಂದರೆ ಅವನಿಗೆ ಬಾಗಿಲ ತನಕ ದಾರಿಯೇ ಸಿಗಲ್ಲ.

ಇನ್ನೊಂದು ತಮಾಷೆ. ಸ್ಟೇಶನ್ನಿನಲ್ಲಿ ಮರಾಠಿಯಲ್ಲಿ ‘ಜಲದ ಲೋಕಲ್’ ಅಂತ ಕೂಗುತ್ತಾರಲ್ಲ, ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಜಲದ ಅಂದರೆ ನೀರು ಕೊಡುವುದು, ಮೋಡ ಅಂತ ಹೇಳಿಕೊಟ್ಟಿದ್ದರು. ಮೋಡದ ಲೋಕಲ್ ಬಂತು ಅಂದುಕೊಂಡೆ. ಮಳೆಗಾಲದಲ್ಲಿ ಹಳಿ ಮುಳುಗಿದಾಗ ಆ ಅರ್ಥವೇ ಸರಿ. ಮರಾಠಿಯ ಜಲದ ನಮ್ಮ ಉತ್ತರ ಕರ್ನಾಟಕದವರ ‘ಜಲ್ದಿ’ಯ ಸಂಬಂಧಿ, ನೀರಿಗೂ ಅದಕ್ಕೂ ಏನೂ ಇಲ್ಲ. ಒಂದೇ ಶಬ್ದಕ್ಕೆ ಎರಡು ಅರ್ಥ ಅಂತ ಇಂಗ್ಲಿಷನ್ನೊಂದೇ ಯಾಕೆ ಬೈಯಬೇಕು?

---

ಮಡಗಾಂವ್ ಮೇಸ್ತ್ರಿ (ಭಾನುವಾರ, ರಾತ್ರಿ 10:50)

ಅಕ್ಕಾರ, ನಾನು ಗದಗ ಕಡೆಯವನು, ಗೋವಾದಲ್ಲಿ ಕಟ್ಟಡದ ಕೆಲಸ. ಇಂಗ್ಲಿಷ್ ಜಾಸ್ತಿ ಬರಲ್ಲ. ಆದರೆ ಈ ಶಬ್ದ ದಿನಾ ಕೈಯಲ್ಲಿ ಹಿಡೀತೀನಿ.

ಬಾಗಿಲ ಚೌಕಟ್ಟು ಗೋಡೆಗೆ ಕೂಡಿಸುವಾಗ ಒಂದು ಕಬ್ಬಿಣದ ಪಟ್ಟಿ ಹಾಕ್ತೀವಿ. ಒಂದು ತುದಿ ಚೌಕಟ್ಟಿಗೆ ಸ್ಕ್ರೂ. ಇನ್ನೊಂದು ತುದಿ ಹಾವಿನ ನಾಲಿಗೆ ಥರ ಸೀಳಿರುತ್ತದೆ, ಅದು ಗೋಡೆಯೊಳಗೆ ಹೋಗಿ ಕಾಂಕ್ರೀಟಿನಲ್ಲಿ ಕೂರುತ್ತದೆ. ಬದಿಗೆ ಮೂರರ ಹಾಗೆ ಒಂದು ಬಾಗಿಲಿಗೆ ಆರು. ಅದರ ಹೆಸರೇ ಹೋಲ್ಡ್‌ಫಾಸ್ಟ್. ಇಲ್ಲಿ ಚಿರೆಕಲ್ಲಿನ ಗೋಡೆಗೂ ಅದೇ. ಅದನ್ನು ಸರಿಯಾಗಿ ಕೂಡಿಸದೆ ಬಿಟ್ಟರೆ ನಾಲ್ಕು ಸಲ ಬಾಗಿಲು ಬಡಿದಾಗ ಚೌಕಟ್ಟು ಕುಣಿಯೋಕೆ ಶುರು ಮಾಡುತ್ತದೆ.

ಹೀಗಾಗಿ ನಮ್ಮ ಹುಡುಗರಿಗೆ ಕೇಳಿದರೆ ಫಾಸ್ಟ್ ಅಂದರೆ ಅಲ್ಲಾಡದ್ದು. ಓಡೋದು ಅಂತ ಯಾರೂ ಹೇಳಲ್ಲ. ನಟ್ಟು ಬೋಲ್ಟಿನ ಅಂಗಡಿಯವನು ‘ಫಾಸ್ಟನರ್’ ಅಂತಾನಲ್ಲ, ಅದೂ ಇದೇ ಜಾತಿ. ನಿಮ್ಮ ಮಗಳ ಬಾಗಿಲಿನ ವಾಕ್ಯಕ್ಕೆ ‘ಬಾಗಿಲು ಗಟ್ಟಿ ಹಿಡಕೊಂಡಿದೆ’ ಅಂತ ಬರೆಸಿರಿ. ಮಳೆಗಾಲದಲ್ಲಿ ಇಲ್ಲಿ ಎಲ್ಲ ಬಾಗಿಲೂ ಹಾಗೇ.

---

ಬಣ್ಣದ ಕಾಕಾ (ಸೋಮವಾರ, ಬೆಳಿಗ್ಗೆ 6:15)

ತಂಗೀ, ನಿನ್ನ ಬನಿಯನ್ ಕಥೆ ಓದಿ ನನಗೆ ನಿದ್ದೆ ಬರಲಿಲ್ಲ. ಇದು ನನ್ನ ಹೊಟ್ಟೆಪಾಡಿನ ಶಬ್ದ.

ನಾನು 1974ರಲ್ಲಿ ಮುಂಬೈಯ ಪರೇಲಿನ ಒಂದು ಬಟ್ಟೆ ಮಿಲ್ಲಿನ ಡೈಯಿಂಗ್ ಖಾತೆಗೆ, ಅಂದರೆ ಬಣ್ಣ ಹಾಕುವ ವಿಭಾಗಕ್ಕೆ ಸೇರಿದೆ. ಬಂದದ್ದು ರಾಣೆಬೆನ್ನೂರಿನಿಂದ, ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲ ವಾರ ಮಾಸ್ತರು ಒಂದು ಥಾನು ತೋರಿಸಿ ‘ಇದು ಫಾಸ್ಟ್ ಆಗಬೇಕು’ ಅಂದರು. ನಾನು ಅವಸರ ಮಾಡಿ ಅರ್ಧ ಹೊತ್ತಿನಲ್ಲೇ ತೊಟ್ಟಿಯಿಂದ ಎತ್ತಿಬಿಟ್ಟೆ. ಬಣ್ಣ ಹಿಡಿಯಲೇ ಇಲ್ಲ. ಅವತ್ತು ಬೈಸಿಕೊಂಡದ್ದು ಇವತ್ತಿಗೂ ಕಿವಿಯಲ್ಲಿದೆ. ಫಾಸ್ಟ್ ಆಗಬೇಕಾದರೆ ತಡ ಮಾಡಬೇಕು ಅಂತ ಆಗ ಗೊತ್ತಾಯಿತು. ಬಣ್ಣ ನೂಲಿನೊಳಗೆ ಹೋಗಬೇಕು, ಅಲ್ಲಿ ಕಚ್ಚಿಕೊಳ್ಳಬೇಕು. ಅದಕ್ಕೆ ಅದರದೇ ಬಿಸಿ, ಅದರದೇ ಹೊತ್ತು ಬೇಕು.

ಫಾಸ್ಟ್ ಅಂತ ಅಂಗಡಿಯವನು ಬಾಯಲ್ಲಿ ಹೇಳಿದರೆ ಆಗಲ್ಲ. ಅದಕ್ಕೆ ಪರೀಕ್ಷೆ ಇದೆ. ಬಣ್ಣದ ಬಟ್ಟೆಯ ತುಂಡಿಗೆ ಬಿಳಿ ಬಟ್ಟೆ ಹೊಲಿದು, ಸೋಪು ನೀರಿನಲ್ಲಿ ಹಾಕಿ ಅರ್ಧ ಗಂಟೆ ಕುಲುಕಿಸುತ್ತಿದ್ದೆವು. ಆಮೇಲೆ ಬಿಳಿ ಬಟ್ಟೆಗೆ ಎಷ್ಟು ಕಲೆ ಹತ್ತಿತು ಅಂತ ಬೂದು ಬಣ್ಣದ ಒಂದು ಪಟ್ಟಿಯ ಜೊತೆ ಹಿಡಿದು ನೋಡುವುದು. 1ರಿಂದ 5 ಅಂಕ. 5 ಅಂದರೆ ಬಿಳಿ ಬಿಳಿಯಾಗೇ ಇದೆ. 1 ಅಂದರೆ ನಿನ್ನ ಸೀರೆ. ಬಿಸಿಲಿಗೆ ಬೇರೆ ಪರೀಕ್ಷೆ, ಅಲ್ಲಿ ಎಂಟು ನೀಲಿ ಉಣ್ಣೆಯ ಪಟ್ಟಿಗಳ ಜೊತೆ ಹೋಲಿಸುವುದು, 1ರಿಂದ 8 ಅಂಕ. ಉಜ್ಜುವುದಕ್ಕೆ ಇನ್ನೊಂದು, ಒಣ ಬಟ್ಟೆಯಲ್ಲೂ ಒದ್ದೆ ಬಟ್ಟೆಯಲ್ಲೂ. ಒಂದೇ ಬಣ್ಣ ಒಗೆತಕ್ಕೆ ಗಟ್ಟಿ, ಉಜ್ಜಿದರೆ ಪುಕ್ಕಲು ಆಗಬಹುದು. ನೀಲಿ ಜೀನ್ಸ್ ನೋಡು, ಇಂಡಿಗೋ. ಹೊಸ ಪ್ಯಾಂಟು ಹಾಕಿ ಬಿಳಿ ಸೋಫಾದ ಮೇಲೆ ಕೂತರೆ ಗೊತ್ತಾಗುತ್ತದೆ. 1956ರಲ್ಲಿ ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಗೆ ಬಂದ ಮೇಲೆ ಹತ್ತಿಗೆ ಒಳ್ಳೇ ಕಾಲ ಬಂತು. ಅವು ನೂಲಿನ ಮೇಲೆ ಕೂರುವುದಿಲ್ಲ, ನೂಲಿನ ಜೊತೆ ರಾಸಾಯನಿಕವಾಗಿ ಗಂಟು ಹಾಕಿಕೊಳ್ಳುತ್ತವೆ. ಆದರೂ ಕೊನೆಗೆ ಚೆನ್ನಾಗಿ ಸೋಪು ಹಾಕಿ ತೊಳೆದು ಮಿಕ್ಕ ಬಣ್ಣ ತೆಗೆಯದಿದ್ದರೆ ಅದು ನಿನ್ನ ಮನೆಯವರ ಬನಿಯನ್ನಿಗೇ ಬರುತ್ತದೆ. ನೀರು, ಹೊತ್ತು ಉಳಿಸೋಕೆ ಅಲ್ಲೇ ಕಳ್ಳಾಟ ಆಡುತ್ತಾರೆ.

ಹಾಂ, ಉಪ್ಪು ನೀರಲ್ಲಿ ನೆನೆಸು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಉಪ್ಪು ಬೇಕಾಗೋದು ಬಣ್ಣ ಹಾಕುವಾಗ, ಬಣ್ಣವನ್ನು ನೂಲಿನ ಕಡೆ ತಳ್ಳುವುದಕ್ಕೆ. ಮುಗಿದ ಮೇಲೆ ಸುರಿದರೆ ಉಪ್ಪು ದಂಡ.

ಈಗ ನಿನ್ನ ಮಗಳ ಪ್ರಶ್ನೆ. 1982ರ ಜನವರಿಯಲ್ಲಿ ಮುಂಬೈ ಮಿಲ್ ಕಾರ್ಮಿಕರ ಮುಷ್ಕರ ಶುರುವಾಯಿತು. ಮಿಲ್ಲು ಮುಚ್ಚಿತು, ಕೈಯಲ್ಲಿ ಕೆಲಸವಿಲ್ಲ. ಆಮೇಲೆ ನಿಮ್ಮದೇ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಸಣ್ಣ ಪ್ರೊಸೆಸ್ ಹೌಸಿಗೆ ಸೇರಿದೆ, ಅದು ಬೇರೆ ಮಾತು. ನಡುವಿನ ತಿಂಗಳುಗಳಲ್ಲಿ ಮುಂಬೈಯ ಲಾಲ್‌ಬಾಗಿನ ಒಂದು ರದ್ದಿ ಅಂಗಡಿಯಲ್ಲಿ ದಪ್ಪ ಡಿಕ್ಷನರಿ ಸಿಕ್ಕಿತು, ಕಿಲೋ ಲೆಕ್ಕದಲ್ಲಿ. ಮೊದಲು ತೆಗೆದದ್ದು ಇದೇ ಶಬ್ದ. ನನ್ನನ್ನು ಬೈಸಿದ ಶಬ್ದ ಅಲ್ವಾ!

ಮೂಲದಲ್ಲಿ ಅದರ ಅರ್ಥ ಒಂದೇ: ಗಟ್ಟಿ, ಬಿಗಿ, ಅಲ್ಲಾಡದ್ದು. ಮೇಸ್ತ್ರಿ ಹೇಳಿದ್ದೇ ಹಿರಿಯ ಅರ್ಥ. ಹಳೇ ಇಂಗ್ಲಿಷಿನಲ್ಲಿ ‘ಫ್ಯಾಸ್ಟ್’ ಅಂದರೆ ಅಷ್ಟೇ, ಓಟ ಇರಲಿಲ್ಲ. ಗಟ್ಟಿ ಗೆಳೆಯ, ಗಟ್ಟಿ ನಿದ್ದೆ, ಗಟ್ಟಿ ಬಣ್ಣ ಎಲ್ಲ ಅದೇ ಬೇರಿನವು. ಆಮೇಲೆ ‘ಗಟ್ಟಿಯಾಗಿ’ ಅನ್ನುವುದು ‘ಬಲ ಹಾಕಿ’ ಆಯಿತು. ಬಲ ಹಾಕಿ ಹಿಡಿ, ಬಲ ಹಾಕಿ ಹೊಡೆ, ಬಲ ಹಾಕಿ ಓಡು. ಬಲ ಹಾಕಿ ಓಡಿದರೆ ಏನಾಗುತ್ತದೆ? ವೇಗ ಬರುತ್ತದೆ. ಮಾಡುವ ರೀತಿಗೆ ಹೇಳುತ್ತಿದ್ದದ್ದು ಕೊನೆಗೆ ವಸ್ತುವಿಗೂ ಅಂಟಿತು. 16ನೇ ಶತಮಾನದ ಹೊತ್ತಿಗೆ ವೇಗವಾಗಿ ಹೋಗುವುದನ್ನೇ ಫಾಸ್ಟ್ ಅನ್ನತೊಡಗಿದ್ದರು. ಇವತ್ತು ಆ ಕಿರಿಯ ಮಗನೇ ಮನೆಯ ಯಜಮಾನ, ಹಿರಿಯ ಅರ್ಥ ಮೂಲೆ ಸೇರಿದೆ.

ಇದು ಹುಚ್ಚು ಅನ್ನಿಸಿದರೆ ನಮ್ಮ ‘ಜೋರು’ ನೋಡು. ಅದು ಫಾರ್ಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಬಲ ಅಂತ ಅರ್ಥ. ನಾವು ಏನು ಮಾಡಿದೆವು? ಕೈ ಜೋರಾಗಿ ಹಿಡಿ ಅನ್ನುತ್ತೇವೆ, ಇದು ಬಿಗಿ. ಜೋರಾಗಿ ಓಡು ಅನ್ನುತ್ತೇವೆ, ಇದು ವೇಗ. ಹಿಡಿಯೋದಕ್ಕೂ ಜೋರು, ಓಡೋದಕ್ಕೂ ಜೋರು. ಜೋರು ಮಳೆ, ಜೋರು ನಿದ್ದೆ, ವ್ಯಾಪಾರ ಜೋರು. ಅತ್ತೆ ಜೋರು ಅಂದರೆ ಅವರು ಓಡುತ್ತಾರೆ ಅಂತಲ್ಲ. ‘ಬಿರುಸು’ ಅನ್ನೋದೂ ಹಾಗೇ, ಒರಟು, ಗಡಸು ಅನ್ನುವ ಅರ್ಥವೂ ಅದಕ್ಕಿದೆ. ಬಿರುಸಾಗಿ ನಡೆದ ಅಂದರೆ ಯಾರೂ ಒರಟಾಗಿ ನಡೆದ ಅಂದುಕೊಳ್ಳಲ್ಲ. ಇಂಗ್ಲಿಷಿನ ಫಾಸ್ಟ್ ನಡೆದ ದಾರಿಯಲ್ಲೇ ನಮ್ಮ ಜೋರೂ ನಡೆದಿದೆ. ದಿನಾ ಆಡುತ್ತೇವೆ, ಅದಕ್ಕೇ ಕಾಣಲ್ಲ.

ಮಗಳ ತಪ್ಪು ತಪ್ಪಲ್ಲ ಅಂತ ಹೇಳು. ನಾನು ಮಾಡಿದ್ದು ಅದೇ ತಪ್ಪು, ನನಗೆ ಆಗ 21 ವರ್ಷ.

---

ಪುಣೆ ಪಾರಣೆ (ಸೋಮವಾರ, ಬೆಳಿಗ್ಗೆ 11:30)

ಕಾಕಾ ಬಣ್ಣದಲ್ಲಿ ಮುಳುಗಿ ಉಪವಾಸ ಮರೆತರು. ಆ ಭಾಗ ನನಗೆ ಬಿಡಿ. ಸದಾಶಿವ ಪೇಟೆಯಲ್ಲಿ ನಲವತ್ತು ವರ್ಷದಿಂದ ಏಕಾದಶಿ ಮಾಡುತ್ತಿದ್ದೇನೆ.

ಉಪವಾಸದ ಫಾಸ್ಟ್ ಕೂಡ ಅದೇ ಗಟ್ಟಿಯ ಮಗು. ಗಟ್ಟಿಯಾಗಿ ಹಿಡಿಯುವುದು, ನೇಮ ಬಿಡದಿರುವುದು ಅಂತ ಮೊದಲು. ಆಮೇಲೆ ಅದು ಊಟ ಬಿಡುವ ನೇಮ ಆಯಿತು. ನಾವೂ ವ್ರತವನ್ನು ‘ಹಿಡಿಯುತ್ತೇವೆ’ ಅಲ್ಲವೇ? ‘ಅವರು ಸೋಮವಾರ ಹಿಡಿದಿದ್ದಾರೆ’ ಅಂದರೆ ಸಾಕು, ಊಟ ಬಿಟ್ಟಿದ್ದಾರೆ ಅಂತ ಎಲ್ಲರಿಗೂ ತಿಳಿಯುತ್ತದೆ. ಸಂಸ್ಕೃತದ ಉಪವಾಸದ ದಾರಿ ಬೇರೆ, ಹತ್ತಿರ ಇರುವುದು ಅಂತ. ದೇವರ ಹತ್ತಿರ ಅಂತ ನಮ್ಮ ತಂದೆ ಹೇಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅಡುಗೆಮನೆಯ ಹತ್ತಿರ ಅಂದುಕೊಂಡಿದ್ದೆ.

ಈ ಊರಿನಲ್ಲಿ ಅದೇ ನಿಜ. ಸಾಬುದಾಣೆ ಖಿಚಡಿ, ವರಯೀ ಅನ್ನ, ಶೇಂಗಾ ಆಮಟಿ, ರಾಜಗಿರಾ ಉಂಡೆ, ಗೆಣಸು. ಮರಾಠಿಯಲ್ಲಿ ಗಾದೆಯೇ ಇದೆ, ಏಕಾದಶಿಯ ದಿನ ಎರಡರಷ್ಟು ತಿಂದ ಅಂತ. ನಮ್ಮ ಅತ್ತೆ ಮಾಧ್ವರ ಮನೆಯವರು, ಬಾಗಲಕೋಟೆ ಕಡೆ. ನೀರೂ ಮುಟ್ಟುತ್ತಿರಲಿಲ್ಲ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೊರಟ ಪಾಲಖಿ ಜ್ಯೇಷ್ಠದಲ್ಲಿ ಪುಣೆಗೆ ಬಂದಾಗ, ಅದರ ಜೊತೆ ನಡೆದು ಬರುವ ವಾರಕರಿಗಳಿಗೆ ತಾವೇ ನಿಂತು ಬಡಿಸುತ್ತಿದ್ದರು. ಆದರೆ ಏಕಾದಶಿಯ ದಿನ ನೆರೆಮನೆಯಿಂದ ಖಿಚಡಿ ಬಂದರೆ ತಟ್ಟೆಯನ್ನು ಹಾಗೇ ನನ್ನ ಕಡೆ ಸರಿಸುತ್ತಿದ್ದರು. ನಾನು ಬೇಡ ಅನ್ನುತ್ತಿರಲಿಲ್ಲ.

ಈಗ ನೋಡಿ, ಇಂಗ್ಲಿಷಿನ ಬ್ರೇಕ್‌ಫಾಸ್ಟ್. ಉಪವಾಸ ಮುರಿಯುವುದು. ಇದಕ್ಕೆ ತಿಂಡಿ, ನಾಷ್ಟಾ ಅನ್ನುತ್ತೇವೆ, ಸರಿ. ಆದರೆ ಅಕ್ಷರಕ್ಕೆ ಅಕ್ಷರ ಹೊಂದುವ ಶಬ್ದ ನಮ್ಮಲ್ಲಿ ಮೊದಲೇ ಇದೆ, ಪಾರಣೆ. ದ್ವಾದಶಿ ಬೆಳಗಿನ ಊಟ. ಯಜಮಾನರು ಕೆಲಸಕ್ಕೆ ಮುಂಬೈಗೆ ಹೋಗಿಬರುತ್ತಿದ್ದ ಕಾಲದಲ್ಲಿ, ದ್ವಾದಶಿಯ ದಿನ ಕತ್ತಲಲ್ಲೇ ಅಡುಗೆ ಮಾಡಿ, ಪಾರಣೆ ಮುಗಿಸಿಯೇ ರೈಲಿಗೆ ಕಳಿಸುತ್ತಿದ್ದೆ. ಅಷ್ಟು ಫಾಸ್ಟಾದ ಬ್ರೇಕ್‌ಫಾಸ್ಟ್ ಯಾರೂ ಮಾಡಿರಲಿಕ್ಕಿಲ್ಲ.

ಇನ್ನೊಂದು ಶಬ್ದ ಮಗಳಿಗೆ ಹೇಳಿ, ಖುಷಿಪಡುತ್ತಾಳೆ. ಲಂಘನ. ಹನುಮಂತ ಸಮುದ್ರ ಲಂಘನ ಮಾಡಿದ, ಅಂದರೆ ಹಾರಿದ. ಜ್ವರ ಬಂದರೆ ಹಳೇ ವೈದ್ಯರು ‘ಲಂಘನಂ ಪರಮೌಷಧಂ’ ಅನ್ನುತ್ತಿದ್ದರು. ಅಲ್ಲಿ ಲಂಘನ ಅಂದರೆ ಊಟ ಬಿಡುವುದು, ಮೈ ಹಗುರ ಮಾಡುವುದು. ಹಾರಿದ್ದೂ ಅದೇ ಶಬ್ದ, ಹಸಿದದ್ದೂ ಅದೇ ಶಬ್ದ. ‘ಲಘು’ ಕೂಡ ಇದರ ಬಳಗವೇ. ಸಂಸ್ಕೃತದಲ್ಲಿ ಅದಕ್ಕೆ ಹಗುರ ಅಂತಲೂ ಅರ್ಥ, ಚುರುಕು ಅಂತಲೂ ಅರ್ಥ. ಧಾರವಾಡದವಳಿಗೆ ‘ಲಗೂ ಬಾ’ ನಾನು ಹೇಳಿಕೊಡಬೇಕೇ?

---

ವಿರಾರ್ ಫಾಸ್ಟ್ (ಸೋಮವಾರ, ರಾತ್ರಿ 8:20)

ಗಾಡಿಯಲ್ಲಿ ಓದಿದೆ, ನಿಂತುಕೊಂಡೇ. ಕಾಕಾಗೆ ಒಂದು ಪ್ರಶ್ನೆ. ಇಂಗ್ಲಿಷಿನಲ್ಲಿ ಕ್ವಿಕ್, ರ‍್ಯಾಪಿಡ್, ಸ್ವಿಫ್ಟ್ ಅಂತ ಬೇರೆ ಇವೆಯಲ್ಲ, ಎಲ್ಲ ಒಂದೇನಾ? ನಮ್ಮ ಆಫೀಸಿನಲ್ಲಿ ನಾನು ‘ಫಾಸ್ಟ್ ಲಂಚ್ ಮಾಡೋಣ’ ಅಂದೆ, ಎಲ್ಲರೂ ನಕ್ಕರು.

---

ಬಣ್ಣದ ಕಾಕಾ (ಸೋಮವಾರ, ರಾತ್ರಿ 9:00)

ಒಂದೇ ಅಲ್ಲ ತಮ್ಮಾ. ಓಟದ ಜೋರಿಗೆ ಫಾಸ್ಟ್. ಸ್ವಲ್ಪ ಹೊತ್ತಿನಲ್ಲಿ ಮುಗಿಯುವುದಕ್ಕೆ ಕ್ವಿಕ್. ಅದಕ್ಕೇ ಕಾರು ಫಾಸ್ಟ್, ಊಟ ಕ್ವಿಕ್. ಕ್ವಿಕ್‌ನ ಹಳೇ ಅರ್ಥ ‘ಜೀವ ಇರುವುದು’. ಪಾದರಸಕ್ಕೆ ಕ್ವಿಕ್‌ಸಿಲ್ವರ್ ಅಂದದ್ದು ಅದಕ್ಕೇ, ಜೀವ ಬಂದ ಹಾಗೆ ಓಡಾಡುವ ಬೆಳ್ಳಿ. ಉಗುರಿನ ಕೆಳಗಿನ ನೋಯುವ ಮಾಂಸಕ್ಕೂ ಕ್ವಿಕ್ ಅನ್ನುತ್ತಾರೆ, ಜೀವ ಇರುವ ಭಾಗ ಅಂತ.

ನಮ್ಮಲ್ಲೂ ಆ ಭೇದ ಇದೆ. ‘ವೇಗವಾಗಿ ಬಂದ’ ಬೇರೆ, ‘ಬೇಗ ಬಂದ’ ಬೇರೆ. ಬೇಗ ಹುಟ್ಟಿದ್ದು ವೇಗದಿಂದಲೇ, ಆದರೆ ಮಗ ಅಪ್ಪನ ಮನೆ ಬಿಟ್ಟು ಬೇರೆ ಹೂಡಿದ್ದಾನೆ. ಎತ್ತಿನ ಗಾಡಿಯಲ್ಲಿ ಬಂದವನೂ ಬೇಗ ಬರಬಹುದು, ಮೊದಲೇ ಹೊರಟಿದ್ದರೆ. ಧಾರವಾಡದ ತಂಗಿ ಮಾಟುಂಗಾದಲ್ಲಿ ಎಡವಿದ್ದು ಇಲ್ಲೇ. ಗಾಡಿ ವೇಗವಾಗಿ ಹೋಯಿತು, ಅವಳು ಬೇಗ ಮುಟ್ಟಲಿಲ್ಲ.

---

ಡೊಂಬಿವಲಿಯ ಧಾರವಾಡದವಳು (ಮಂಗಳವಾರ, ಸಂಜೆ 7:10)

ಕಾಕಾ, ಹದಿನೇಳು ವರ್ಷದ ಮೇಲೆ ನನ್ನ ಮಾಟುಂಗಾ ಕಥೆಗೆ ಒಂದು ಅರ್ಥ ಕೊಟ್ಟಿರಿ. ಮೇಸ್ತ್ರಿ ಅಣ್ಣ, ಪುಣೆಯ ಅಮ್ಮ, ವಿರಾರ್ ತಮ್ಮ, ಎಲ್ಲರಿಗೂ ನಮಸ್ಕಾರ.

ಎಲ್ಲವನ್ನೂ ಓದಿ ಹೇಳಿದೆ. ಮಗಳು ತಾನೇ ಮತ್ತೆ ಬರೆದಳು:

ಬಾಗಿಲು ಗಟ್ಟಿಯಾಗಿ ಸಿಕ್ಕಿಕೊಂಡಿದೆ.
ಮಗುವಿಗೆ ಜೋರು ನಿದ್ದೆ ಹತ್ತಿದೆ.
ಅವರಿಬ್ಬರು ಜೀವದ ಗೆಳೆಯರು.
ಈ ಸೀರೆಯ ಬಣ್ಣ ಗಟ್ಟಿ.
ಅಜ್ಜಿ ಏಕಾದಶಿ ಹಿಡಿಯುತ್ತಾಳೆ.

‘ಜೀವದ ಗೆಳೆಯರು’ ಅವಳದೇ, ನಾನು ಹೇಳಿಕೊಟ್ಟಿಲ್ಲ. ಕಾಕಾ ‘ಗಟ್ಟಿ ಗೆಳೆಯ’ ಅಂದಿದ್ದರು, ಅವಳಿಗೆ ಒಪ್ಪಲಿಲ್ಲ. ಗಟ್ಟಿ ಗೆಳೆಯ ಅಂದರೆ ಜಿಮ್ಮಿಗೆ ಹೋಗುವವನ ಹಾಗೆ ಕೇಳಿಸುತ್ತದಂತೆ. ನನಗೂ ಅವಳ ಮಾತೇ ಸರಿ ಅನ್ನಿಸಿತು. ‘ಇಷ್ಟೊಂದು ಗಟ್ಟಿ ಗಟ್ಟಿ ಅಂದರೆ ಗಟ್ಟಿಯಾಗಿ ಓದು ಅಂದಾಗ ಏನು ಮಾಡಲಿ’ ಅಂತ ಹೊಸ ಪ್ರಶ್ನೆ ಎತ್ತಿದ್ದಾಳೆ. ಅದು ಮುಂದಿನ ಭಾನುವಾರಕ್ಕೆ ಇರಲಿ.

ಆದರೆ ನಾಲ್ಕನೇ ವಾಕ್ಯ ಬರೆದ ಮೇಲೆ ಪೆನ್ನು ಕೆಳಗಿಟ್ಟಳು. ಪರೀಕ್ಷೆ ಮಾಡದೆ ಹೇಗೆ ಬರೆಯಲಿ ಅಂತ. ಅದೇ ಕೆಂಪು ಸೀರೆ ತೆಗೆದಳು. ಸೆರಗಿನ ಮೂಲೆಗೆ ಅಪ್ಪನ ಬಿಳಿ ಕರ್ಚೀಫು ಸೂಜಿಯಲ್ಲಿ ಹೊಲಿದಳು. ಮಗ್ಗಿನಲ್ಲಿ ಬಿಸಿನೀರು, ಸೋಪಿನ ಪುಡಿ. ಫೋನಿನಲ್ಲಿ ಅರ್ಧ ಗಂಟೆ ಅಲಾರಂ ಇಟ್ಟು ಪಕ್ಕದಲ್ಲೇ ಕೂತು ಕುಲುಕಿಸಿದಳು. ಈ ಸೀರೆಗೆ ಈಗಾಗಲೇ ಐದಾರು ಒಗೆತ ಆಗಿದೆ, ಇನ್ನು ಬಣ್ಣ ಬಿಡಲಿಕ್ಕಿಲ್ಲ ಅಂತ ನಾನಂದೆ.

ಕರ್ಚೀಫು ಪೂರ್ತಿ ಗುಲಾಬಿ ಅಲ್ಲ, ಅಂಚು ಮಾತ್ರ. ನಮ್ಮ ಹತ್ತಿರ ಬೂದು ಪಟ್ಟಿ ಇಲ್ಲ. ಮಗಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿ 2 ಅಂಕ ಕೊಟ್ಟಳು. ಮನೆಯವರು 3 ಕೊಡು ಅಂದರು, ಕೊಡಲಿಲ್ಲ. ವಾಕ್ಯಕ್ಕೆ ಒಂದು ‘ಅಲ್ಲ’ ಸೇರಿಸಿ ಪುಸ್ತಕ ಮುಚ್ಚಿದಳು.